ಸೀಟು ಹಿಡಿದ ಹ್ಯಾಟು

ದಾವಣಗೆರೆಯಲ್ಲಿ ಹರಿಹರದ ಬಸ್ಸಿಗೆ ನುಗ್ಗಿದ ಕರಿಬಸವರಾಜ ಹಿಂದೆಮುಂದೆ ನೋಡದೆ ಕಿಟಕಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದ. ಬಸ್ಸು ಹೊರಟ ಮೇಲೆ, ಪಕ್ಕದಲ್ಲೇ ನಿಂತಿದ್ದ ಗಂಡಹೆಂಡತಿಯ ಮಾತು ಕಿವಿಗೆ ಬಿತ್ತು. ಏಪ್ರಿಲ್ ಬಿಸಿಲಿನಲ್ಲೂ ಗಂಡ ಚರ್ಮದ ಜಾಕೆಟ್ ತೊಟ್ಟಿದ್ದ.

“ಸೀಟ್ ಹಿಡಿಯಾಕೆ ಕಿಟಕಿಯಿಂದ ನನ್ನ ಹ್ಯಾಟ್ ಎಸೀತಾರೇನೇ, ವಾಣಿ?”

“ಟವೆಲ್ಲೇ ಎಸೀತಿದ್ದೆ. ಸಾಹೇಬ್ರು ಹೆಗಲಿಗೆ ಟವೆಲ್ ಹಾಕೋದು ಬಿಟ್ಟೀರಲ್ಲ!”

“ಆ ಹ್ಯಾಟ್ ಹಳೇ ಕಾಲದ ಮಾಡೆಲ್. ಎಷ್ಟು ಊರು ತಿರುಗಿ ತಂದಿದ್ದೆ!”

“ಹೌದ್ರೀ. ಮಂಡಿಪೇಟೆನಾಗೆ ಹುಡುಗ್ರು ‘ಜಾದೂ ಮಾಮಾ, ಪಾರಿವಾಳ ತೆಗೀರಿ’ ಅಂದಿದ್ರಲ್ಲ, ಅದೇ ತಾನೆ?”

“ನಗಬ್ಯಾಡ. ಈಗ ಎಲ್ಲೈತೆ ಅದು?”

“ಬಗ್ಗಿ ಹುಡುಕ್ರಿ. ಮೊದಲು ಆ ಜಾಕೆಟ್ ಬಿಚ್ರಿ, ಹರಿಹರ ಮುಟ್ಟೋದ್ರಾಗೆ ಬೆಂದಿರ್ತೀರಿ.”

ತನ್ನ ಸೀಟು ಇಷ್ಟು ಮೆತ್ತಗೆ ಯಾಕಿದೆಯೆಂದು ಕರಿಬಸವರಾಜನಿಗೆ ಆಗ ಹೊಳೆಯಿತು. ಗಂಡ ಸೀಟುಗಳ ಅಡಿಯೆಲ್ಲ ತಡಕಾಡುವಷ್ಟು ಹೊತ್ತೂ ಅವನು ಅಲುಗಾಡದೆ ಕಿಟಕಿಯಾಚೆ ನೋಡಿದ.

ಹರಿಹರ ಬಂತು. ಗಂಡ ಗೊಣಗುತ್ತ ಬಾಗಿಲ ಕಡೆ ನಡೆದ. ಕರಿಬಸವರಾಜ ಇನ್ನೇನು ಏಳಬೇಕು, ವಾಣಿ ಅವನತ್ತ ಬಗ್ಗಿ ಪಿಸುಗುಟ್ಟಿದಳು:

“ಅವರು ಇಳಿಯೋ ತನಕ ಏಳಬ್ಯಾಡ್ರಿ ಅಣ್ಣಾ. ಮನ್ಯಾಗೆ ಇಂಥವು ಇನ್ನೂ ಒಂದು ಬೀರು ತುಂಬ ಅದಾವೆ.”