ಅರ್ಧ ಖಾಲಿಯಾದ ಸೀರಮ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಗಾರೆ ಮೇಸ್ತ್ರಿ, ಪಕ್ಕದಲ್ಲಿ ಅವನ ಹೆಂಡತಿ.

“ರೀ, ಮುಖಕ್ಕೆ ಹಚ್ಚೋ ವಿಟಮಿನ್ ಸಿ ಸೀರಮ್ ವಾರದಲ್ಲೇ ಅರ್ಧ ಖಾಲಿ.”

“ಮೋಸದ ಮಾಲು ಕಣೆ. ಆರಿಹೋಗಿರುತ್ತೆ.”

“ಮುಚ್ಚಳ ಬಿಗಿಯಾಗೇ ಇತ್ತು. ಚರ್ಮದೊಳಗೆ ಕೊಲಾಜನ್ ಕಟ್ಟೋಕೆ ಅದು ಬೇಕು ಅಂದಿದ್ದು ಡಾಕ್ಟರು.”

“ಏನದು ಕೊಲಾಜನ್?”

“ಚರ್ಮ ಸಡಿಲ ಆಗದ ಹಾಗೆ ಹಿಡಿದಿಡೋದು. ನಿಮ್ಮ ಗಾರೆ ಇದ್ದ ಹಾಗೆ.”

“ಗೋಡೆ ಟೊಳ್ಳಾದ ಮೇಲೆ ಬಣ್ಣ ಬಳಿದ್ರೆ ನಿಲ್ಲುತ್ತಾ? ಆ ಸೀರಮ್ಮು ಬಿರುಕಿಗೆ ತಾಕಿದ್ರೆ ಚುರುಗುಟ್ಟುತ್ತೆ ಬೇರೆ.”

“ಚುರುಗುಟ್ಟೋದು ನಿಮಗೆ ಹೇಗೆ ಗೊತ್ತು? ಕೈ ತೋರಿಸಿ.”

ಮೇಸ್ತ್ರಿ ಕೈಯನ್ನು ಜೇಬಿಗಿಳಿಸಿದ.

“ಕೆನ್ನೆ ಸವರಿದ್ರೆ ಮೊಮ್ಮಗಳು ಮುಖ ತಿರುಗಿಸ್ತಾಳೆ ಕಣೆ. ತಾತನ ಕೈ ಉಪ್ಪುಕಾಗದ ಅಂತಾಳೆ.”

ಅವಳು ಆ ಕೈಯನ್ನು ಜೇಬಿನಿಂದ ಎಳೆದು, ಬಿರುಕು ಬಿಟ್ಟ ಅಂಗೈ ಸವರಿದಳು.

“ಏಳಿ, ಸ್ಟಾಪ್ ಬಂತು. ಹಾಗಾದ್ರೆ ಹೋದ ತಿಂಗಳು ಖಾಲಿಯಾದ ನನ್ನ ಕ್ರೀಮು?”

ಮೇಸ್ತ್ರಿ ಅವಳಿಗಿಂತ ಮೊದಲೇ ಇಳಿದುಬಿಟ್ಟ.