ಡಾಕ್ಟರ ಹಿಂದಿನ ಚಕ್ರ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಸೈಕಲ್ ಸಂಘದ ಸದಸ್ಯರೇ, ಅವರ ದಾರಿ ಕಾಯುವುದೇ ಅಭ್ಯಾಸವಾಗಿಹೋಗಿರುವ ಮನೆಯವರೇ, ಸಭಿಕರೇ,

ಅಭಿನಂದನಾ ಭಾಷಣ ಕಾರ್ಯದರ್ಶಿಯಾದ ನನ್ನ ಕರ್ತವ್ಯ. ರಾಜಧಾನಿಗೆಂದು ಸೈಕಲ್ ಹತ್ತಿದವರು ಹಲವರು. ಕೊನೆಯವರೆಗೂ ತುಳಿದವರು ಇಬ್ಬರೇ. ಒಬ್ಬರು ನಮ್ಮ ಹಲ್ಲಿನ ಡಾಕ್ಟರು. ಇನ್ನೊಬ್ಬರು ನನ್ನ ಹೆಂಡತಿ. ನನಗೆ ಸಂತೋಷವಾಗಿಲ್ಲವೇ? ಆಗಿದೆ. ಬೆಳಗ್ಗೆಯಿಂದ ಎಲ್ಲರಿಗೂ ಹಾಗೆಂದು ನಗುನಗುತ್ತಾ ಹೇಳಿ ದವಡೆ ನೋಯುತ್ತಿದೆ. ಡಾಕ್ಟರಿಗಂತೂ ತೋರಿಸುವುದಿಲ್ಲ.

ಅವಳಿಗೆ ಸೈಕಲ್ ಕಲಿಸಿದವನು ಯಾರು? ನಾನು. ಬ್ರೇಕಿನ ರಬ್ಬರ್ ಸವೆದಾಗಲೆಲ್ಲ ಬದಲಿಸಿದವನು? ನಾನು. ಏರಿನಲ್ಲಿ "ಗೇರ್ ಇಳಿಸು, ಗೇರ್ ಇಳಿಸು" ಎಂದು ಕೂಗಿ ಗಂಟಲು ಕಟ್ಟಿಸಿಕೊಂಡವನು? ಅದೂ ನಾನೇ. ಹೊರಡುವ ಮುನ್ನ ನನ್ನ ಮಂಡಿ ಕೈಕೊಟ್ಟಿತು. ಜೋಡಿಯಾಗಿಯೇ ಹೋಗಬೇಕೆಂಬುದು ಸಂಘದ ನಿಯಮ. ನಿಯಮ ಮಾಡಿದವನು ನಾನು. "ಡಾಕ್ಟ್ರ ಜೊತೆ ಹೋಗು" ಎಂದವನೂ ನಾನು. ಒಂದು ಸಲವಾದರೂ "ಬೇಡ ರೀ" ಅನ್ನುತ್ತಾಳೇನೋ ಎಂದು ಕಾದೆ. "ಸರಿ" ಅಂದಳು.

ನಾನು ಸಾಮಾನಿನ ವ್ಯಾನ್ ಓಡಿಸಿಕೊಂಡು ಹಿಂದೆ ಹೋದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎದುರುಗಾಳಿ ಇದ್ದಾಗ ಮುಂದಿನವರು ಗಾಳಿಗೆ ಎದೆಯೊಡ್ಡುತ್ತಾರೆ, ಹಿಂದಿನವರು ಅವರ ಚಕ್ರಕ್ಕೆ ಒಂದೇ ಗೇಣು ಬಿಟ್ಟು ಆ ಮರೆಯಲ್ಲಿ ಸಾಗುತ್ತಾರೆ. ಮುಂದೆ ಡಾಕ್ಟರು, ಹಿಂದೆ ಅವಳು. ಒಂದು ಗೇಣು! ನಮ್ಮ ಮದುವೆಯ ಫೋಟೋದಲ್ಲೇ ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಜಾಗವಿದೆ. ಅವರು ಮಾತಾಡುವುದು, ನಗುವುದು ಎಲ್ಲ ಗಾಜಿನಾಚೆ ಕಾಣುತ್ತದೆ, ಒಂದಕ್ಷರ ಕೇಳಿಸುವುದಿಲ್ಲ. ಬಾಳೆಹಣ್ಣು ಕೊಡುವಾಗ ತಡೆಯಲಾರದೆ ಕೇಳಿಬಿಟ್ಟೆ: "ಅಷ್ಟೊಂದು ನಗೋಂಥದ್ದು ಏನಿತ್ತು?" "ಏನಿಲ್ಲ ರೀ, ಸುಮ್ನೆ." ನೀವೇ ಹೇಳಿ, ಸುಮ್ಮಸುಮ್ಮನೆ ಯಾರಾದರೂ ಒಂದು ಇಡೀ ಸೇತುವೆ ದಾಟುವವರೆಗೂ ನಗುತ್ತಾರೆಯೇ?

ರಸ್ತೆಯಲ್ಲಿ ಗುಂಡಿ ಬಂದರೆ "ಗುಂಡಿ!" ಎಂದು ಕೂಗಬೇಕೆಂದು ನಾನು ಕಲಿಸಿದ್ದೆ. ಡಾಕ್ಟರು ಕೂಗುವವರಲ್ಲ. ಎಡಗೈ ಇಳಿಬಿಟ್ಟು ಎರಡು ಬೆರಳು ಆಡಿಸುತ್ತಾರೆ. ಊರಿಗೆ ಬಂದ ಮೇಲೆ ಒಂದು ದಿನ ನಾವಿಬ್ಬರೂ ಮಾರ್ಕೆಟ್ಟಿಗೆ ನಡೆದು ಹೊರಟಿದ್ದೆವು. ಫುಟ್‌ಪಾತಿನ ಕಲ್ಲು ಕಿತ್ತುಹೋಗಿತ್ತು. ಮುಂದಿದ್ದ ಅವಳು ತಿರುಗಿಯೂ ನೋಡದೆ ಎಡಗೈ ಇಳಿಬಿಟ್ಟಳು, ಎರಡು ಬೆರಳು ಆಡಿಸಿದಳು. ಬೇಕೆಂದೇ ಆ ಗುಂಡಿಯಲ್ಲಿ ಕಾಲಿಟ್ಟೆ. ಕಾಲು ಉಳುಕಿತು. ಆದ್ದರಿಂದಲೇ ಈಗ ಮೈಕಿನ ಕಂಬ ಹಿಡಿದುಕೊಂಡು ನಿಂತಿದ್ದೇನೆ.

ಅಧ್ಯಕ್ಷರು "ವಿಷಯಕ್ಕೆ ಬನ್ನಿ" ಎನ್ನುತ್ತಿದ್ದಾರೆ. ಸ್ವಾಮಿ, ವಿಷಯ ಇದೇ.

ಮುಂದಿನ ಯಾತ್ರೆಯ ಜೋಡಿಗಳನ್ನು ಈ ವೇದಿಕೆಯಲ್ಲೇ ಪ್ರಕಟಿಸುವುದು ನಮ್ಮ ಪದ್ಧತಿ. ಮಂಡಿ ಹಾಳಾಗಿ ಹೋಗಲಿ, ನಮ್ಮಿಬ್ಬರದೇ ಒಂದು ಜೋಡಿ ಎಂದು ಘೋಷಿಸಿಬಿಡೋಣ ಅಂದುಕೊಂಡಿದ್ದೆ. ಇವತ್ತು ಬೆಳಗ್ಗೆ ಅವಳು ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದಾಗ ಹೇಳಿದೆ. ತಲೆ ಎತ್ತದೆ ಅಂದಳು: "ನಾನು ಒಬ್ಳೇ ಹೋಗ್ತೀನಿ ರೀ. ಅಷ್ಟು ದೂರ ಬರೀ ಇನ್ನೊಬ್ರ ಚಕ್ರ ನೋಡ್ಕೊಂಡು ಹೋದೆ. ದಾರಿ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೇ ಬರಲ್ಲ. ಈ ಸಲ ಗಾಳಿ ನನ್ನ ಮುಖಕ್ಕೇ ಹೊಡೀಲಿ."

"ಮತ್ತೆ ಡಾಕ್ಟ್ರು?"

"ಅವರೂ ಬೇಡ."

"ನಾನು?"

"ನೀವೂ ಬೇಡ."

"ನಿಯಮ ಇದೆಯಲ್ಲೇ!"

"ಮಾಡಿದೋರು ನೀವೇ ತಾನೇ? ತಿದ್ದಿ."

"ಅವರೂ ಬೇಡ" ಎಂದಾಗ ಆದ ಖುಷಿ "ನೀವೂ ಬೇಡ" ಎನ್ನುವವರೆಗೂ ಇತ್ತು. ತಿದ್ದಿದ್ದೇನೆ. ಆದ್ದರಿಂದ ಪ್ರಕಟಿಸುತ್ತೇನೆ: ಮುಂದಿನ ಸಲ ನನ್ನ ಹೆಂಡತಿ ರಾಜಧಾನಿಗೆ ಒಬ್ಬಳೇ ಹೋಗುತ್ತಾಳೆ.

ಚಪ್ಪಾಳೆಗೆ ಧನ್ಯವಾದ. ಡಾಕ್ಟರೇ, ನೀವು ಯಾಕೆ ತಟ್ಟಲಿಲ್ಲ? ನಿಮಗೆ ಅವಳು ಹೇಳಿರಲಿಲ್ಲವೇ? ಅಯ್ಯೋ, ಮುಖ ಅಷ್ಟು ಸಣ್ಣಗಾಯಿತಲ್ಲ! ಇಷ್ಟು ದಿನ ಎಲ್ಲ ನನ್ನ ಭ್ರಮೆ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ವ್ಯಾನಿನ ಕನ್ನಡಿಯಲ್ಲಿ ದಾರಿಯುದ್ದಕ್ಕೂ ನನ್ನದನ್ನೇ ನೋಡಿಕೊಂಡು ಬಂದಿದ್ದೇನೆ.

ಬನ್ನಿ, ಮೇಲೆ ಬನ್ನಿ. ಅವಳ ಸನ್ಮಾನದ ಫಲಕ ಭಾರವಾಗಿದೆ. ಒಂದು ಕಡೆ ನೀವು ಹಿಡಿಯಿರಿ, ಇನ್ನೊಂದು ಕಡೆ ನಾನು ಹಿಡಿಯುತ್ತೇನೆ. ಅವಳ ಕೈಗೆ ಕೊಟ್ಟು ಇಬ್ಬರೂ ಪಕ್ಕಕ್ಕೆ ಸರಿಯೋಣ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ವಂದನೆಗಳು. ನಮಸ್ಕಾರ.