ಪೈಪಿನ ಮೇಲೆ ಬಡಿದವರು

ಜುನ್‌ಮಾಯಾ ಪುನ್ ನನ್ನ ಚಿಕ್ಕಮ್ಮನ ಮಗಳು. ಅವಳಿಗೇ ಆದದ್ದು ಇದು, ಅದಕ್ಕೇ ಹೇಳ್ತಿದ್ದೀನಿ.

ಬೇನಿ ಪೇಟೆಯ ಮೇಲಿನ ಗುಡ್ಡಗಳಲ್ಲಿ ಕರೆಂಟಿನ ತಂತಿ ಮುಟ್ಟದ ಊರುಗಳಿಗೆ ಅವಳು ಹರಿಯೋ ನೀರಿಂದ ಕರೆಂಟು ತೆಗೆಯೋ ಸಣ್ಣ ಟರ್ಬೈನ್ ಮಾಡಿಕೊಡೋಳು. ಹಳೇ ಲಾರಿಯ ಕಬ್ಬಿಣ ಕತ್ತರಿಸಿ ಬಟ್ಟಲು, ಬಟ್ಟಲು ಜೋಡಿಸಿ ಚಕ್ರ. ಅಷ್ಟು ಅಗ್ಗಕ್ಕೆ ಬೇರೆ ಯಾರೂ ಮಾಡ್ತಿರಲಿಲ್ಲ.

ಆ ರಾತ್ರಿ ಮದುವೆಯೂಟ ಮುಗಿಸಿ, ಟರ್ಬೈನ್ ನೋಡಿಕೊಳ್ಳೋ ತೇಕಬೀರನ ಜೊತೆ ಅಶ್ವತ್ಥಕಟ್ಟೆ ದಾಟಿ ಇಳೀತಿದ್ದಳು. ಅವಳಿಗೆ ಅವನು ದಾಜು, ಅಂದ್ರೆ ಅಣ್ಣ; ಅವನಿಗೆ ಅವಳು ಬಹಿನಿ, ತಂಗಿ. ಕೆಳಗೆ ಊರಿನ ದೀಪಗಳು ಮಂಕಾದವು... ಬೆಳಗಿದವು... ಮತ್ತೆ ಮಂಕಾದವು.

“ಪೈಪಿಗೆ ಎಲೆ ಸಿಕ್ಕಿಕೊಂಡಿದೆ, ದಾಜು. ನೀನು ಮೇಲೆ ಹೋಗಿ ಪೈಪಿಗೆ ನೀರು ಬಿಡೋ ತೊಟ್ಟಿಯ ಗೇಟು ಮುಚ್ಚು. ಮುಚ್ಚಿದ ಮೇಲೆ ಪೈಪಿಗೆ ಕಲ್ಲಿಂದ ಬಡಿ.”

“ಕೆಳಗೆ ಒಬ್ಬಳೇ ಇರ್ತೀಯಾ, ಬಹಿನಿ? ಹೆದರಿಕೆ ಆಗಲ್ವಾ?”

“ಕುಡಿದಿರೋ ನಿನ್ನ ಜೊತೆಗಿದ್ರೇ ಹೆದರಿಕೆ. ನಡಿ, ನಡಿ.”

ಯಂತ್ರದ ಕೋಣೆಯಲ್ಲಿ ಕಾದಳು. ಸುಯ್ ಅಂತ ನೀರು ಚಿಮ್ಮುತ್ತಿತ್ತು. ಸ್ವಲ್ಪ ಹೊತ್ತಿಗೆ... ಠಣ್. ಠಣ್. ನೀರು ನಿಂತಿತು. ಚಕ್ರ ಕಿರ್ರ್ ಅಂದು ನಿಂತಿತು. ಊರು ಕತ್ತಲಾಯ್ತು.

ಮುಚ್ಚಳ ತೆಗೆದು ಮೊಣಕೈವರೆಗೆ ಕೈ ತೂರಿಸಿದಳು. ನೀರು ಚಿಮ್ಮೋ ಬಾಯಲ್ಲಿ ಏನೋ ಮೆತ್ತಗೆ ಸಿಕ್ಕಿತು. ಎಳೆದಳು. ಬರಲಿಲ್ಲ.

ಠಣ್.

ಪೈಪಿನ ನಡುವಿಂದ. ದಾಜು ಇಳೀತಿದ್ದಾನೆ ಅಂದುಕೊಂಡಳು. ಠಣ್... ಇನ್ನೂ ಹತ್ತಿರ. ಠಣ್... ಗೋಡೆಯ ಹೊರಗೇ.

ಬಾಗಿಲು ತೆರೀತು. ತೇಕಬೀರ. ಏದುಸಿರು.

“ಬಹಿನಿ... ಗೇಟಿನ ಬೀಗದ ಕೀಲಿ ನಿನ್ನ ಹತ್ರಾನೇ ಉಳೀತು. ಅರ್ಧ ದಾರಿಗೇ ವಾಪಸ್ ಬಂದೆ.”

“ಮತ್ತೆ... ಬಡಿದದ್ದು?”

“ನಾನಲ್ಲ.”

ಅವಳು ಹಿಡಿದ ಮುಷ್ಟಿ ಬಿಡದೇ ಕೈ ಸೆಳೆದುಕೊಂಡಳು. ಅಷ್ಟೇ... ಧಡ್ ಅಂತ ನೀರು ನುಗ್ಗಿತು. ಚಕ್ರ ಹುಚ್ಚು ಹಿಡಿದ ಹಾಗೆ ತಿರುಗಿತು. ಒಂದು ಕ್ಷಣ ತಡವಾಗಿದ್ರೆ ಕೈ ಇರ್ತಿರಲಿಲ್ಲ. ಹೊರಗೆ ಯಾರೋ ಪೈಪಿನ ಮೇಲೆ ಉಗುರು ಎಳೆದುಕೊಂಡು ಮೇಲಕ್ಕೆ ಹೋದರು... ಕರ್ರ್... ಕರ್ರ್... ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೆಳಗಿನ ತನಕ ಕೂತರು.

ಬೆಳಿಗ್ಗೆ ನಾವೆಲ್ಲ ಮೇಲೆ ಹೋಗಿ ನೋಡಿದೆವು. ಗೇಟು ತೆರೆದೇ ಇತ್ತು, ಯಾರೂ ಮುಚ್ಚದ ಹಾಗೆ ಅದಕ್ಕೆ ಹಾಕಿದ್ದ ಬೀಗವೂ ಹಾಗೇ ಇತ್ತು. ತೊಟ್ಟಿಯಲ್ಲಿ ಪೈಪಿನ ಬಾಯಿಗೆ ಕಟ್ಟಿದ್ದ, ಬೆರಳೂ ತೂರದ ಜಾಲರಿ ಎಲ್ಲೂ ಹರಿದಿರಲಿಲ್ಲ. ಜುನ್‌ಮಾಯಾ ಮಾತ್ರ ಮುಷ್ಟಿ ಬಿಚ್ಚಿರಲೇ ಇಲ್ಲ. ನಾನೇ ಒಂದೊಂದು ಬೆರಳು ಬಿಡಿಸಿದೆ.

ಹೆಂಗಸಿನ ಜಡೆ. ತುದಿಗೆ ಕೆಂಪು ದಾರ.

ಈ ಕೈಯಲ್ಲೇ ಹಿಡಿದಿದ್ದೀನಿ, ಆಣೆ. ಆ ಕೊರೆಯೋ ನೀರಲ್ಲಿ ಇದ್ದದ್ದು... ಇನ್ನೂ ಬೆಚ್ಚಗಿತ್ತು.